ಘಟ್ಟದ ತೇಗ, ಅಳಿವೆಯ ಹಡಗುಕಟ್ಟೆ

ಬೆಳ್ಳಟ್ಟಿ ಸೀಮೆಯ ಹಿರಿಯರು ಹೊಳೆ ದಾಟಲು ನೆಚ್ಚಿದ್ದು ಹರಿಗೋಲನ್ನು. ಬಿದಿರು ಹೆಣೆದು, ತೊಗಲು ಬಿಗಿದು, ತುಂಗಭದ್ರೆಯ ಸೆಳವಿನಲ್ಲಿ ಗುಂಡಗೆ ತಿರುಗುತ್ತ ಆಚೆ ದಂಡೆ ಸೇರುವ ಆ ಬುಟ್ಟಿದೋಣಿಗಿಂತ ದೊಡ್ಡ ನಾವೆಯ ಅಗತ್ಯ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯ ಊರುಗಳಿಗೆ ಎಂದೂ ಬಿದ್ದಿರಲಿಲ್ಲ. ಕಡಲು ಘಟ್ಟದ ಆಚೆಯ ಸಂಗತಿ. ಆದರೂ ಕನ್ನಡ ಕರಾವಳಿಯಲ್ಲಿ ಯುದ್ಧದ ಹಡಗು ಕಟ್ಟುವ ಅತಿ ದೊಡ್ಡ ಯೋಜನೆ ಹುಟ್ಟಿದ್ದು, ಈ ಒಳನಾಡು ಶ್ರೀರಂಗಪಟ್ಟಣದ ಕೈತಪ್ಪಿದ ನಂತರವೇ. ಎರೆಹೊಲದ ಸೋಲಿಗೂ ಅಳಿವೆಯ ಹಡಗುಕಟ್ಟೆಗೂ ನೇರ ಸಂಬಂಧವಿದೆ.

1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವೂ ಪಟವರ್ಧನನ ಮರಾಠಾ ದಂಡು, ಜೊತೆಗೆ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ತುಕಡಿ, ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದವು. ಮೈಸೂರಿನ ಟಿಪ್ಪು ಸುಲ್ತಾನನ ಕಿಲ್ಲೇದಾರ ಬದರುಜ್ಜಮಾನ್ ಖಾನ್ ಮರುವರ್ಷದ ಏಪ್ರಿಲ್‌ವರೆಗೂ ಕೋಟೆ ಬಿಟ್ಟುಕೊಡಲಿಲ್ಲ. ಸುಮಾರು ಏಳು ತಿಂಗಳ ಆ ಹಟ ಕೊನೆಗೆ ಫಲ ಕೊಡಲಿಲ್ಲ. 1792ರ ಮಾರ್ಚಿನ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಬೇಕಾಯಿತು, ಇಬ್ಬರು ಮಕ್ಕಳನ್ನು ಒತ್ತೆ ಇಡಬೇಕಾಯಿತು. ಮರಾಠರ ಗಡಿ ತುಂಗಭದ್ರೆಗೆ ಬಂತು. ಮಲಬಾರ್ ಮತ್ತು ಕೊಡಗು ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು.

ಉಳಿದದ್ದು ಕೆನರಾ ಕರಾವಳಿ: ಮಂಗಳೂರು, ಕುಂದಾಪುರ, ಭಟ್ಕಳ, ಹೊನ್ನಾವರ, ಮಿರ್ಜಾನ, ಸದಾಶಿವಗಡ. ಸುತ್ತಲೂ ಶತ್ರುಗಳಿರುವ ರಾಜ್ಯಕ್ಕೆ ಹೊರಜಗತ್ತಿನ ಬಾಗಿಲು ಇನ್ನು ಇದೊಂದೇ. ನೆಲದ ಮೇಲೆ ಸೋತ ಅರಸ ಕಡಲಿನ ಕಡೆ ಹೊರಳಿ ನೋಡಿದ.

ಆದರೆ ಅದು ಮೊದಲ ಸಲವಲ್ಲ. ಮೂವತ್ತು ವರ್ಷಗಳ ಹಿಂದೆ ಅವನ ಅಪ್ಪನೂ ಅದೇ ಅಳಿವೆಗಳಲ್ಲಿ ಹಡಗು ಕಟ್ಟಿಸಿದ್ದ. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದಾಗ ಕೆಳದಿ ಅರಸರ ಸಂಪತ್ತಿನ ಜೊತೆಗೆ ಅವರ ಬಂದರುಗಳೂ ಕೈಗೆ ಬಂದವು. ಹೊನ್ನಾವರದಲ್ಲೂ ಮಂಗಳೂರಿನಲ್ಲೂ ಯುದ್ಧನೌಕೆ ಕಟ್ಟುವ ಕೆಲಸ ಶುರುವಾಯಿತು. ಕಣ್ಣೂರಿನ ಅಲಿ ರಾಜನಿಗೆ ನೌಕಾಪಡೆಯ ಹೊಣೆ ಸಿಕ್ಕಿತು. ಆತ ಮಾಲ್ಡೀವ್ಸ್ ಮೇಲೆ ದಂಡೆತ್ತಿ ಹೋಗಿ ಅಲ್ಲಿಯ ಸುಲ್ತಾನನನ್ನು ಹಿಡಿದು ತಂದ. ಸೆರೆಯಾಳಿನ ಕಣ್ಣು ಕೀಳಿಸಿದ ಎಂಬ ಕಾರಣಕ್ಕೆ ಹೈದರ್ ಸಿಟ್ಟಾಗಿ ಅಲಿ ರಾಜನಿಂದ ಆ ಹೊಣೆಯನ್ನು ಕಿತ್ತುಕೊಂಡನೆಂದು ಆ ಕಾಲದ ಫ್ರೆಂಚ್ ಬರಹಗಾರನೊಬ್ಬ ಬರೆದಿದ್ದಾನೆ.

ಆಮೇಲೆ ಹೈದರ್ ಮಾಡಿದ ನೇಮಕ ಅವನ ನೌಕಾಪಡೆಯ ಕತೆಯಲ್ಲೇ ಅತ್ಯಂತ ದುಬಾರಿಯಾದದ್ದು. ಲುತ್ಫ್ ಅಲಿ ಬೇಗ್ ಎಂಬ ಕುದುರೆಪಡೆಯ ಸರದಾರನನ್ನು ಹಡಗುಗಳ ಮೇಲಧಿಕಾರಿ ಮಾಡಿದ. ಹುಟ್ಟಿನಿಂದ ಉಪ್ಪುನೀರು ಕುಡಿದ ತಂಡೇಲರಿಗೆ, ಕುದುರೆಯ ಲಗಾಮು ಬಿಟ್ಟು ಬೇರೇನೂ ಹಿಡಿಯದವನೊಬ್ಬ ಅಪ್ಪಣೆ ಕೊಡತೊಡಗಿದ. 1768ರ ಮೊದಲ ತಿಂಗಳುಗಳಲ್ಲಿ ಮುಂಬಯಿಯಿಂದ ಇಂಗ್ಲಿಷರ ನೌಕಾದಳ ಹೊನ್ನಾವರ, ಮಂಗಳೂರಿನ ಮೇಲೆ ಬಂದಾಗ ಹೈದರನ ಕಪ್ತಾನರು ಕಾದಾಡಲೇ ಇಲ್ಲ. ಎರಡು ಹಡಗು, ಎರಡು ಗುರಾಬು, ಹತ್ತು ಗಲಬತ್ತುಗಳು ಶತ್ರುವಿನ ಕಡೆ ಸೇರಿಕೊಂಡವು. ಗುಂಡು ಸಿಡಿಯದೆ ನೌಕಾಪಡೆಯೊಂದು ಕರಗಿಹೋಯಿತು. ಮಂಗಳೂರನ್ನು ಹೈದರ್ ಅದೇ ಮೇ ತಿಂಗಳಲ್ಲಿ ಮರಳಿ ಗೆದ್ದ. ಹಡಗುಗಳು ಮಾತ್ರ ಹೋದದ್ದು ಹೋದವೇ.

ಗುರಾಬು, ಗಲಬತ್ತು ಎಂದರೆ ಇಂದಿನ ಓದುಗರಿಗೆ ಒಂದು ಮಾತು ಬೇಕು. ಗುರಾಬಿನ ಮೂತಿ ತಗ್ಗಾಗಿ ಮುಂದಕ್ಕೆ ಚಾಚಿರುತ್ತದೆ. ದೊಡ್ಡ ತೋಪುಗಳು ಆ ಮೂತಿಯ ಮೇಲಿಂದಲೇ ಹಾರುತ್ತವೆ. ಗಲಬತ್ತು ಅದಕ್ಕಿಂತ ಹಗುರ. ಹಾಯಿಯ ಜೊತೆಗೆ ಹುಟ್ಟೂ ಇರುವುದರಿಂದ ಗಾಳಿ ಬಿದ್ದ ಹೊತ್ತಿನಲ್ಲೂ ಓಡಬಲ್ಲದು, ಅಳಿವೆಯ ಮರಳದಿಬ್ಬ ದಾಟಿ ಹೊಳೆಯೊಳಗೆ ನುಸುಳಬಲ್ಲದು. ಕೊಂಕಣ, ಕೆನರಾ, ಮಲಬಾರಿನ ಕಡಲ ಕದನ ನೂರು ವರ್ಷ ನಡೆದದ್ದು ಈ ಎರಡರ ಮೇಲೆ. ಯುರೋಪಿನ ಸಾಲುಯುದ್ಧದ ಹಡಗು ಬೇರೆಯೇ ಜಾತಿ. ಎರಡು ಪಕ್ಕೆಗಳಲ್ಲೂ ಅಂತಸ್ತಿನ ಮೇಲೆ ಅಂತಸ್ತಾಗಿ ತೋಪುಗಳು. 74 ತೋಪಿನ ಒಂದು ಹಡಗಿಗೆ ಅಲ್ಲಿ ಸುಮಾರು 2000 ಓಕ್ ಮರ ಬೇಕಾಗುತ್ತಿತ್ತು. ತುಂಬಿ ನಿಂತಾಗ ಅದರ ಅಡಿ ಆರು ಮೀಟರಿನಷ್ಟು ನೀರಿನೊಳಗೆ ಇಳಿಯುತ್ತದೆ. ಈ ಆರು ಮೀಟರಿನ ಲೆಕ್ಕ ಮುಂದೆ ಬೇಕಾಗುತ್ತದೆ.

ಮರಕ್ಕೇನೂ ಬರವಿರಲಿಲ್ಲ. ಹಳಿಯಾಳ, ಯಲ್ಲಾಪುರ, ಸೂಪಾ ಕಡೆಯ ತೇಗ ಉಪ್ಪುನೀರಿಗೂ ಗೆದ್ದಲಿಗೂ ಬಗ್ಗದ ಮರ. ಅದರೊಳಗಿನ ಎಣ್ಣೆ ಕಬ್ಬಿಣದ ಮೊಳೆಯನ್ನು ತುಕ್ಕಿನಿಂದ ಕಾಯುತ್ತದೆ; ಓಕ್ ಮರದ ಹುಳಿಯಾದರೋ ಮೊಳೆಯನ್ನೇ ತಿನ್ನುತ್ತದೆ. ಕೂವೆಕಂಬಕ್ಕೆ ಸುರಹೊನ್ನೆ: ಗಂಟಿಲ್ಲದೆ ಬಾಣದ ಹಾಗೆ ನೆಟ್ಟಗೆ ಬೆಳೆಯುವ ಘಟ್ಟದ ಮರ. ಇಂಗ್ಲಿಷರು ಇದನ್ನು ಪೂನ್ ಎಂದು ಕರೆದು ಮುಂಬಯಿಗೆ ಒಯ್ಯುತ್ತಿದ್ದರು. ದೋಣಿಯ ಹಲಗೆಗೆ ಹೆಬ್ಬಲಸು, ಸಂದು ಮುಚ್ಚಲು ಧೂಪದ ಮರದ ಅಂಟು, ಬಳಿಯಲು ಮೀನೆಣ್ಣೆ. ಹಗ್ಗಕ್ಕೆ ತೆಂಗಿನ ನಾರು. 1787ರಲ್ಲಿ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ದ್ವೀಪಗಳು ಕಣ್ಣೂರಿನ ಹಿಡಿತದಿಂದ ತಪ್ಪಿಸಿಕೊಂಡು ಟಿಪ್ಪುವಿನ ಆಶ್ರಯಕ್ಕೆ ಬಂದಾಗ ಒಳ್ಳೆಯ ನಾರು ಬೆಳೆಯುವ ನೆಲವೂ ಮಂಗಳೂರಿನ ಆಡಳಿತಕ್ಕೆ ಸೇರಿತು. ಆ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿಯೇ ಇದ್ದವು.

ಮರ ಕಡಿದರೆ ಸಾಲದು, ಇಳಿಸಬೇಕು. ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ. ಒಣಗಿಸಿ, ಎತ್ತು ಆನೆಗಳಿಂದ ಎಳೆಸಿ, ಮಳೆಗಾಲದ ನೆರೆಗೆ ಕಾದು ತೇಲಿಬಿಡಬೇಕು. ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿ ಹೊಳೆಗಳು ಘಟ್ಟದ ಕಾಡನ್ನೂ ಕಡಲ ಅಳಿವೆಯನ್ನೂ ಕೂಡಿಸುವ ದಾರಿ. ಇವತ್ತು ಕಡಿದ ಮರ ಹಡಗಿನ ಪಕ್ಕೆಯಾಗಲು ಎರಡು ಮೂರು ಮಳೆಗಾಲ ಬೇಕು. ಯುದ್ಧಕ್ಕೆ ಅಷ್ಟು ತಾಳ್ಮೆ ಇರುವುದಿಲ್ಲ.

ಕಟ್ಟಿದ್ದನ್ನು ಕಾಯುವುದು ಕಟ್ಟುವುದಕ್ಕಿಂತ ಕಷ್ಟವಾಯಿತು. 1780ರ ಡಿಸೆಂಬರಿನಲ್ಲಿ ಅಡ್ಮಿರಲ್ ಎಡ್ವರ್ಡ್ ಹ್ಯೂಸ್ ಮಂಗಳೂರಿಗೆ ಬಂದು ಹೈದರ್ ಹೊಸದಾಗಿ ಕೂಡಿಸಿದ್ದ ಹಡಗುಗಳನ್ನು ಸುಟ್ಟು ಹಾಕಿದ. 1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ತಿಂಗಳು ಕಳೆಯುವುದರೊಳಗೆ ಜನರಲ್ ಮ್ಯಾಥ್ಯೂಸ್ ಹೊನ್ನಾವರವನ್ನು, ಬೆನ್ನಿಗೇ ಬಿದನೂರನ್ನು, ಮಾರ್ಚಿನಲ್ಲಿ ಮಂಗಳೂರನ್ನು ಹಿಡಿದ. ಹೊನ್ನಾವರದ ಹೊಳೆಯಲ್ಲಿದ್ದ ಯುದ್ಧದ ಹಡಗುಗಳನ್ನು ಇಂಗ್ಲಿಷರು ಮುಳುಗಿಸಿದರು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಿಂದ ಊರುಗಳೇನೋ ಮರಳಿ ಬಂದವು. ಇಪ್ಪತ್ತು ವರ್ಷಗಳ ದುಡಿಮೆ ಮರಳಲಿಲ್ಲ. ಮಂಗಳೂರಿನ ಬೋಳೂರಿನಲ್ಲಿ ಗುರುಪುರ ಹೊಳೆಯ ದಂಡೆಗೆ ನಿಂತಿರುವ ಸುಲ್ತಾನ್ ಬತ್ತೇರಿ ಆ ವರ್ಷದ್ದು. ಶತ್ರುವಿನ ಹಡಗು ಇನ್ನೊಮ್ಮೆ ಹೊಳೆಯೊಳಗೆ ಬರಬಾರದೆಂದು ಕಟ್ಟಿದ ಕಾವಲು ಗೋಪುರ ಅದು, ಗೋಡೆಯ ತುಂಬ ತೋಪಿನ ಕಂಡಿಗಳು.

ವ್ಯಾಪಾರದ ಹಡಗುಗಳು ಮಾತ್ರ ಓಡುತ್ತಲೇ ಇದ್ದವು. ಮಸ್ಕತ್ತಿನಲ್ಲಿ ಟಿಪ್ಪುವಿನ ಕೋಠಿಯಿತ್ತು. ಅಕ್ಕಿ, ಮೆಣಸು, ಗಂಧ, ಏಲಕ್ಕಿ ಅಲ್ಲಿಗೆ ಹೋಗುತ್ತಿದ್ದವು. 1786ರ ಮಾರ್ಚ್ 9ರಂದು ಅಘನಾಶಿನಿಯ ಅಳಿವೆಯಲ್ಲಿರುವ ತದಡಿಯಿಂದ ನಾಲ್ಕು ಹಡಗುಗಳು ಕಾನ್‌ಸ್ಟಾಂಟಿನೋಪಲ್ಲಿನ ಸುಲ್ತಾನನ ಬಳಿಗೆ ರಾಯಭಾರ ಹೊತ್ತು ಹೊರಟವು. ಫಖ್ರುಲ್ ಮರಾಕಿಬ್, ಫತೇ ಶಾಹಿ, ನಬಿ ಬಕ್ಷ್, ಸೂರತಿ ಎಂಬ ಹೆಸರುಗಳು ಆ ಪ್ರಯಾಣದ ದಿನಚರಿಯಲ್ಲಿ ಉಳಿದಿವೆ. ನೂರಾರು ಜನ ಹೋದರು. ರೋಗ, ಬೆಂಕಿ, ಬಿರುಗಾಳಿಗೆ ಸಿಕ್ಕು ಮರಳಿ ಊರು ಕಂಡವರು ತೀರ ಕಡಿಮೆ. ಗೋಕರ್ಣದ ಪಕ್ಕದ ತದಡಿ ಇವತ್ತು ಮೀನುಗಾರಿಕೆಯ ಊರು. ತುರ್ಕಿಯವರೆಗೆ ಚಾಚಿದ ರಾಜಕಾರಣವೊಂದು ಅಲ್ಲಿಂದ ಹಾಯಿ ಬಿಚ್ಚಿತ್ತೆಂಬುದನ್ನು ಶಾಲೆಯ ಪಠ್ಯದಲ್ಲಾದರೂ ಹೇಳಬೇಕು.

ಟಿಪ್ಪುವಿನ ದೊಡ್ಡ ಹುಕುಂನಾಮೆ ಬಂದದ್ದು 1796ರಲ್ಲಿ. ಅಲ್ಲಿಯವರೆಗೆ ನೌಕಾ ವಿಭಾಗ ವ್ಯಾಪಾರ ನೋಡುವ ಮಲಿಕುತ್ತುಜ್ಜಾರರ ಕೈಯಲ್ಲಿತ್ತು. ಈಗ ಅದನ್ನು ಬೇರ್ಪಡಿಸಿ, ಶ್ರೀರಂಗಪಟ್ಟಣದಲ್ಲಿ ಹನ್ನೊಂದು ಮೀರ್ ಯಮ್‌ಗಳ, ಅಂದರೆ ನೌಕಾ ಮೇಲಧಿಕಾರಿಗಳ, ಮಂಡಳಿ ಮಾಡಲಾಯಿತು. ಅವರ ಕೆಳಗೆ ಮೂವತ್ತು ಮೀರ್ ಬಹರ್‌ಗಳು, ಅಂದರೆ ಹಡಗುಪಡೆಯ ದಳಪತಿಗಳು. ಕಟ್ಟಬೇಕಾದದ್ದು ನಲವತ್ತು ಯುದ್ಧದ ಹಡಗು: ಇಪ್ಪತ್ತು ಸಾಲುಯುದ್ಧದ ದೊಡ್ಡವು, ಇಪ್ಪತ್ತು ಫ್ರಿಗೇಟುಗಳು. ಹಡಗುಕಟ್ಟೆಗಳು ಮೂರು. ಒಂದು ಮಂಗಳೂರಿನಲ್ಲಿ, ಜಮಾಲಾಬಾದ್ ಎಂಬ ಹೆಸರಿನಲ್ಲಿ (ಬೆಳ್ತಂಗಡಿ ಬಳಿಯ ಗಡಾಯಿಕಲ್ಲಿನ ಕೋಟೆಗೂ ಅದೇ ಹೆಸರಿದೆ, ಅದು ಬೇರೆ). ಇನ್ನೊಂದು ಹೊನ್ನಾವರ ಮಿರ್ಜಾನದ ನಡುವಣ ಕಡಲಂಚಿನಲ್ಲಿ, ವಾಜಿದಾಬಾದ್. ಮೂರನೆಯದು ಕಾಳಿಯ ಅಳಿವೆಯಲ್ಲಿ, ಸೋದೆ ಅರಸರ ಸದಾಶಿವಗಡದ ಬುಡದಲ್ಲಿ, ಮಜೀದಾಬಾದ್.

ಹುಕುಂನಾಮೆಯಲ್ಲಿ ಗಮನ ಸೆಳೆಯುವುದು ಹಡಗಿನ ಸಂಖ್ಯೆಯಲ್ಲ, ಕಲಿಕೆಯ ಕಡೆಗಿನ ಕಾಳಜಿ. ನಾಲ್ಕು ನಾಲ್ಕು ಹಡಗುಗಳ ತುಕಡಿ, ಪ್ರತಿ ತುಕಡಿಗೆ ಇಬ್ಬರು ಮೀರ್ ಬಹರ್. ಅಲ್ಲಿಗೆ ಕಡಲಿನಲ್ಲಿ ಇಪ್ಪತ್ತು ಮಂದಿಯಾಯಿತು. ಉಳಿದ ಹತ್ತು ಮಂದಿ ಆಸ್ಥಾನದಲ್ಲಿದ್ದು ವಿದ್ಯೆ ಕಲಿಯಬೇಕು. ಪ್ರತಿ ಹಡಗಿಗೆ ನಾಲ್ವರು ಸರದಾರರು. ಹಡಗಿನ ಒಟ್ಟು ಹೊಣೆ ಮೊದಲನೆಯವನದು. ತೋಪು, ಗೋಲಂದಾಜರು, ಮದ್ದಿನ ಕೋಣೆ ಎರಡನೆಯವನದು. ಬಂದೂಕಿನ ಸಿಪಾಯಿಗಳು ಮೂರನೆಯವನ ಕೈಕೆಳಗೆ. ಖಲಾಸಿಗಳು, ಹಾಯಿಹಗ್ಗ, ಹಡಗು ನಡೆಸುವ ಕೆಲಸ ನಾಲ್ಕನೆಯವನಿಗೆ. 1768ರಲ್ಲಿ ಅಪ್ಪ ಕುದುರೆ ಸರದಾರನನ್ನು ಹಡಗು ಹತ್ತಿಸಿ ಕಳೆದುಕೊಂಡದ್ದನ್ನು ಮಗ ಮರೆತಿರಲಿಲ್ಲ ಎಂದು ಇದನ್ನು ಓದಿದವರಿಗೆ ಅನ್ನಿಸದೆ ಇರದು. ಈ ಹುಕುಂನಾಮೆಯ ವಿವರಗಳು ಹೊರಜಗತ್ತಿಗೆ ಸಿಕ್ಕಿದ್ದು ವಿಲಿಯಂ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಟಿಪ್ಪುವಿನ ಪತ್ರಗಳ ಸಂಪುಟದಿಂದ.

ಕಲಿಸುವವರು ಎಲ್ಲಿಂದ ಬರಬೇಕು? ಖಾರ್ವಿ, ಗಾಬಿತ, ಮೊಗವೀರರಿಗೆ ಗಾಳಿ ನೀರಿನ ಗುಟ್ಟು ಗೊತ್ತಿತ್ತು. ಆಚಾರಿಗಳು ಕಣ್ಣಳತೆಯಲ್ಲೇ ಮಂಜಿ, ಮಚವೆ, ಪತ್ತೇಮಾರಿ ಕಟ್ಟಬಲ್ಲವರು. ಆದರೆ ಎರಡು ಅಂತಸ್ತಿನ ತೋಪು ಹೊರುವ ಹಡಗಿನ ಲೆಕ್ಕಾಚಾರ, ಸಾಲುಗಟ್ಟಿ ಕಾದಾಡುವ ಕವಾಯತು ಯುರೋಪಿನವರ ವಿದ್ಯೆ. ಅದಕ್ಕಾಗಿ ಟಿಪ್ಪು ಫ್ರೆಂಚರನ್ನು ನೆಚ್ಚಿದ. 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕ ಹಾಳಾದ ಹಡಗಿನೊಂದಿಗೆ ಮಂಗಳೂರಿಗೆ ಬಂದು ಬಿದ್ದ. ಮಾರಿಷಸ್‌ನಲ್ಲಿ ನಿಮಗಾಗಿ ಸೈನ್ಯ ಕಾದಿದೆ ಎಂದು ಆಸೆ ಹುಟ್ಟಿಸಿದ. ರಾಯಭಾರಿಗಳು ಹೋದರು. ಅಲ್ಲಿ ಸೈನ್ಯ ಇರಲಿಲ್ಲ. ಗವರ್ನರ್ ಮಲಾರ್ತಿಕ್ ಗುಟ್ಟಾಗಿ ಇಡಬೇಕಾದ ಮಾತನ್ನು 1798ರ ಜನವರಿ 30ರಂದು ಡಂಗುರ ಸಾರಿ, ಟಿಪ್ಪುವಿಗಾಗಿ ಸ್ವಯಂಸೇವಕರು ಬೇಕೆಂದು ಪ್ರಕಟಣೆ ಹೊರಡಿಸಿದ.

ಅದೇ ಏಪ್ರಿಲ್ 26ರಂದು ಪ್ರೆನ್ಯೂಸ್ ಎಂಬ ಫ್ರಿಗೇಟು ಮಂಗಳೂರಿನಲ್ಲಿ ಇಳಿಸಿದ್ದು 99 ಜನರನ್ನು. ಅವರ ಪಟ್ಟಿ ಇಂಗ್ಲಿಷರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕಾಗದಗಳಲ್ಲಿ ಸಿಗುತ್ತದೆ. ಭೂಸೇನೆಗೆ ಒಬ್ಬ ಜನರಲ್ ಶಪ್ಪುಯಿ, ನೌಕಾಪಡೆಗೆ ಒಬ್ಬ ಜನರಲ್ ದುಬುಕ್, ನೌಕಾಧಿಕಾರಿಗಳು ಆರು ಮಂದಿ, ಹಡಗು ಕಟ್ಟುವವರು ಮತ್ತಿತರರು ನಾಲ್ವರು, ಉಳಿದವರು ಸಿಪಾಯಿಗಳು, ಸಾರ್ಜೆಂಟರು, ದುಭಾಷಿಗಳು. ನಲವತ್ತು ಹಡಗಿನ ಕನಸಿಗೆ ಬಂದ ಗುರುಗಳು ಇಷ್ಟೇ. ಆದರೆ ಮಲಾರ್ತಿಕನ ಪ್ರಕಟಣೆ ಕಲ್ಕತ್ತೆ ತಲುಪಿತು. ವೆಲ್ಲೆಸ್ಲಿಗೆ ಯುದ್ಧ ಸಾರಲು ಬೇಕಾದ ಕಾರಣ ಕೈಯಲ್ಲಿ ಸಿಕ್ಕಿತು. ಆ 99 ಜನ ಇಳಿದು ಒಂದು ವರ್ಷ ಕಳೆದು ಎಂಟು ದಿನಕ್ಕೆ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತ. ಘಟ್ಟದಲ್ಲಿ ಮರ ಕಡಿದು ಹೊಳೆಯಲ್ಲಿ ಇಳಿಸುವುದಕ್ಕಷ್ಟೇ ಸಾಲುವ ಕಾಲ ಆ ಹುಕುಂನಾಮೆಗೆ ಸಿಕ್ಕಿತು ಎನ್ನಬೇಕು. ಹುಕುಮಿಗೂ ಸಾವಿಗೂ ನಡುವೆ ಮೂರೇ ವರ್ಷ.

ಕಾಲ ಸಿಕ್ಕಿದ್ದರೂ ಇನ್ನೊಂದು ತೊಡಕು ಕಾದಿತ್ತು: ಆ ಆರು ಮೀಟರು. ನಮ್ಮ ಪಡುವಣ ಹೊಳೆಗಳೆಲ್ಲ ಕಡಲು ಸೇರುವಲ್ಲಿ ಮರಳು ತಂದು ದಿಬ್ಬ ಹಾಕುತ್ತವೆ. ಮಂಗಳೂರಿನಲ್ಲಾಗಲಿ ಹೊನ್ನಾವರದಲ್ಲಾಗಲಿ ದೊಡ್ಡ ಹಡಗುಗಳು ಅಳಿವೆಯ ಹೊರಗೆ ಲಂಗರು ಹಾಕಿ, ಸರಕನ್ನು ಸಣ್ಣ ದೋಣಿಗಳಲ್ಲಿ ಒಳಗೆ ತರಿಸುತ್ತಿದ್ದವು. ಮಂಗಳೂರಿಗೆ ಆಳ ನೀರಿನ ಬಂದರು ಬೇಕೆಂದಾಗ ಹಳೆಯ ಅಳಿವೆಯನ್ನು ಬಿಟ್ಟು ಪಣಂಬೂರಿಗೆ ಹೋಗಬೇಕಾಯಿತು. ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿತು. ಸಾಲುಯುದ್ಧದ ಭಾರೀ ಹಡಗನ್ನು ಹೊಳೆಯೊಳಗೆ ಕಟ್ಟಿದರೆ ತೋಪು ಇಳಿಸಿ, ಬರಿದು ಮಾಡಿ, ದೊಡ್ಡ ಉಬ್ಬರಕ್ಕೆ ಕಾದು ಹೊರಗೆ ಸಾಗಿಸಬೇಕು. ಹೊರಗೆ ತಂದ ಮೇಲೆ ಮಳೆಗಾಲದಲ್ಲಿ ಅದಕ್ಕೆ ಆಸರೆಯಿಲ್ಲ. ಮೂರು ಜಾಗಗಳಲ್ಲಿ ಸದಾಶಿವಗಡದ ಆಯ್ಕೆಯೇ ಸರಿಯಾದದ್ದು. ಎದುರಿಗಿರುವ ಕಾರವಾರದ ಕೊಲ್ಲಿಗೆ ಗುಡ್ಡ, ದ್ವೀಪಗಳ ರಕ್ಷಣೆಯಿದೆ. ಗುರಾಬು, ಗಲಬತ್ತುಗಳನ್ನೇ ಹೆಚ್ಚಿಸಿ ಕರಾವಳಿ ಕಾಯುವ ದಾರಿಯನ್ನು ಮರಾಠಾ ನೌಕಾ ಸರದಾರರಾದ ಆಂಗ್ರೆಗಳು ಕೊಂಕಣದಲ್ಲಿ ತೋರಿಸಿಕೊಟ್ಟಿದ್ದರು. ಶ್ರೀರಂಗಪಟ್ಟಣ ಮಾತ್ರ ಯುರೋಪಿನ ಅಳತೆಯನ್ನೇ ಹಿಡಿಯಿತು.

1801ರಲ್ಲಿ ಫ್ರಾನ್ಸಿಸ್ ಬುಕಾನನ್ ಕೆನರಾ ಸುತ್ತುತ್ತ ಹೊನ್ನಾವರಕ್ಕೆ ಬಂದ. ಒಂದು ಕಾಲದಲ್ಲಿ ದೊಡ್ಡ ವ್ಯಾಪಾರದ ಪೇಟೆಯಾಗಿದ್ದ ಊರು ನೆಲಸಮವಾಗಿರುವುದನ್ನು ಕಂಡ. ಹೈದರ್ ಇಲ್ಲಿ ಯುದ್ಧನೌಕೆ ಕಟ್ಟಿಸುತ್ತಿದ್ದನೆಂದು ಬರೆದ. ಇಂಗ್ಲಿಷರು ಮುಳುಗಿಸಿದ್ದ ಹಡಗುಗಳ ಅಸ್ಥಿಪಂಜರ ಹೊಳೆಯಲ್ಲಿ ಇನ್ನೂ ಕಾಣುತ್ತಿತ್ತು.

ಕಾಡು ಮಾತ್ರ ಮತ್ತೊಂದು ಯುದ್ಧಕ್ಕೆ ಹೊರಟಿತು. ನೆಪೋಲಿಯನ್ನನ ಕಾಲ. ಬ್ರಿಟನ್ನಿನಲ್ಲಿ ಓಕ್ ಸಾಲುತ್ತಿರಲಿಲ್ಲ, ಅಲ್ಲಿಯ ನೌಕಾಪಡೆಯ ಕಣ್ಣು ಪಡುವಣ ಘಟ್ಟದ ತೇಗದ ಮೇಲೆ ಬಿತ್ತು. 1806ರ ನವೆಂಬರಿನಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬ ಪೊಲೀಸ್ ಅಧಿಕಾರಿ ಭಾರತದ ಮೊದಲ ಅರಣ್ಯ ಸಂರಕ್ಷಕನಾದ. ಮರುವರ್ಷ ಮಲಬಾರ್, ಕೆನರಾದ ತೇಗವೆಲ್ಲ ಕಂಪನಿಯ ಸ್ವತ್ತೆಂದು ಸಾರಲಾಯಿತು. ಹೆಸರು ಸಂರಕ್ಷಣೆಯದಾದರೂ ಕೆಲಸ ಹಡಗಿಗೆ ಮರ ಒದಗಿಸುವುದು. ಜನರ ಮರದ ಹಕ್ಕನ್ನು ಕಸಿದ ಆ ವ್ಯವಸ್ಥೆಗೆ ಎದ್ದ ದೂರು ಎಷ್ಟಿತ್ತೆಂದರೆ, ಮದ್ರಾಸಿನ ಗವರ್ನರನಾದ ಥಾಮಸ್ ಮನ್ರೋ 1823ರಲ್ಲಿ ಆ ಹುದ್ದೆಯನ್ನೇ ರದ್ದು ಮಾಡಿದ. 1799ರಲ್ಲಿ ಇದೇ ಕೆನರಾದ ಮೊದಲ ಕಲೆಕ್ಟರನಾಗಿ ರೈತರ ಕಷ್ಟ ನೋಡಿದ್ದವನು ಅವನು.

ಮುಂಬಯಿಯ ಹಡಗುಕಟ್ಟೆಯಲ್ಲಿ ಪಾರ್ಸಿ ವಾಡಿಯಾ ಮನೆತನದ ಜಮ್ಶೇಟ್‌ಜೀ ಬೊಮನ್‌ಜೀ ಪಡುವಣ ಕರಾವಳಿಯ ತೇಗದಿಂದ 1810ರಲ್ಲಿ ಮಿಂಡೆನ್ ಎಂಬ 74 ತೋಪಿನ ಹಡಗು ಕಟ್ಟಿದ. ಬ್ರಿಟಿಷ್ ರಾಜನೌಕಾಪಡೆಗೆ ಭಾರತದಲ್ಲಿ ಕಟ್ಟಿದ ಮೊದಲ ಸಾಲುಯುದ್ಧದ ಹಡಗು ಅದು. 1813ರ ಕಾರ್ನ್‌ವಾಲಿಸ್ ಹಡಗಿನ ಮೇಲೆ 1842ರಲ್ಲಿ ಚೀನಾ ನಾನ್‌ಜಿಂಗ್ ಒಪ್ಪಂದಕ್ಕೆ ಸಹಿ ಹಾಕಿತು. 1817ರಲ್ಲಿ ನೀರಿಗಿಳಿದ ಟ್ರಿಂಕೋಮಲಿ ಎಂಬ ಫ್ರಿಗೇಟು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ತೇಲುತ್ತಿದೆ. ಟಿಪ್ಪು ಕೇಳಿದ್ದ ಬಗೆಯ ಹಡಗನ್ನು ಇದೇ ಘಟ್ಟದ ಮರದಿಂದ, ಭಾರತೀಯ ಬಡಗಿಗಳೇ ಕಟ್ಟಬಲ್ಲರೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಮುಂಬಯಿಗೆ ಇದ್ದದ್ದು ಆಳ ನೀರು, ಒಣ ಹಡಗುಕಟ್ಟೆ ಮತ್ತು ತಲೆಮಾರುಗಳ ತಡೆಯಿಲ್ಲದ ಕಲಿಕೆ.

ಮುಂದೆ ಎರಡನೆಯ ಮಹಾಯುದ್ಧ ಬಂದಾಗ ಕಡಲ ಕಾವಲಿನಲ್ಲಿ ಕನ್ನಡನಾಡಿನ ಪಾಲು ಕಡಲಿಂದ ಬಹುದೂರದ ಬೆಂಗಳೂರಿಗೆ ಬಿತ್ತು. ವಾಲ್‌ಚಂದ್ ಹೀರಾಚಂದ್ 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಪಾಲುದಾರಿಕೆಯೊಂದಿಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ತೆರೆದರು. ಅದೇ ವಾಲ್‌ಚಂದರ ಸಿಂಧಿಯಾ ಕಂಪನಿ ವಿಶಾಖಪಟ್ಟಣದಲ್ಲಿ ಹಡಗುಕಟ್ಟೆ ಆರಂಭಿಸಿತು. 1941ರ ಜೂನ್ 21ರಂದು ಬಾಬು ರಾಜೇಂದ್ರ ಪ್ರಸಾದ್ ಅಡಿಗಲ್ಲು ಹಾಕಿದರು. ಬೆಂಗಳೂರಿನ ಕಾರ್ಖಾನೆ ಯುದ್ಧದ ನಡುವೆ ಅಮೆರಿಕದ ವಾಯುಸೇನೆಯ ದುರಸ್ತಿ ಕೇಂದ್ರವಾಯಿತು. ಹಿಂದೂ ಮಹಾಸಾಗರದಲ್ಲಿ ಜಲಾಂತರ್ಗಾಮಿ ಹುಡುಕುತ್ತಿದ್ದ ಕ್ಯಾಟಲಿನಾ ಹಾರುವ ದೋಣಿಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿಯುತ್ತಿದ್ದವು, ಕಾರ್ಖಾನೆಯಲ್ಲಿ ರಿಪೇರಿಯಾಗಿ ಮತ್ತೆ ಕೆರೆಯಿಂದಲೇ ಏರುತ್ತಿದ್ದವು. ಕಡಲು ಕಾಣದ ಊರುಗಳ ಹುಡುಗರು ಅಲ್ಲಿ ಕಡಲ ಕಾವಲಿನ ಯಂತ್ರ ಬಿಚ್ಚಿ ಜೋಡಿಸಲು ಕಲಿತರು. ಭಾರತೀಯ ವಿಜ್ಞಾನ ಸಂಸ್ಥೆ 1942ರ ಡಿಸೆಂಬರಿನಲ್ಲಿ ವಿಮಾನಶಾಸ್ತ್ರ ವಿಭಾಗ ತೆರೆದದ್ದೂ ಆ ಒತ್ತಡದಲ್ಲೇ.

ಕಾಳಿಯ ಅಳಿವೆಯ ಆಸುಪಾಸಿಗೆ ಯುದ್ಧನೌಕೆ ಮರಳಿದ್ದು ಇನ್ನೂ ತಡವಾಗಿ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಕಾರವಾರದಲ್ಲಿ ಸೀಬರ್ಡ್ ಯೋಜನೆಗೆ ಅಡಿಗಲ್ಲಿಟ್ಟರು. ಅದಕ್ಕಾಗಿ ಕಡಲಂಚಿನ ಊರುಗಳ ಸಾವಿರಾರು ಕುಟುಂಬಗಳು ಮನೆ ಗದ್ದೆ ಬಿಟ್ಟೆದ್ದವು. ಅವರ ಪರಿಹಾರದ ಹೋರಾಟ ನೌಕಾನೆಲೆ ಕಟ್ಟಿದ ಕೆಲಸಕ್ಕಿಂತ ದೀರ್ಘವಾಗಿ ನಡೆಯಿತು, ಆ ನೋವನ್ನು ಬಿಟ್ಟು ಈ ಇತಿಹಾಸ ಬರೆಯಲಾಗದು. 2005ರ ಮೇ 31ರಂದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ಉದ್ಘಾಟನೆಯಾಯಿತು. 2014ರ ಜನವರಿಯಲ್ಲಿ ವಿಮಾನವಾಹಕ ವಿಕ್ರಮಾದಿತ್ಯ ರಷ್ಯಾದಿಂದ ನೇರವಾಗಿ ಇಲ್ಲಿಗೇ ಬಂತು. ಟಿಪ್ಪುವಿನ ಮಜೀದಾಬಾದ್ ಇದ್ದ ಸದಾಶಿವಗಡ ಅಲ್ಲಿಂದ ಕೆಲವೇ ಮೈಲಿ ದೂರ.

ಹಡಗು ಕಟ್ಟುವ ಕೆಲಸ ದಕ್ಷಿಣಕ್ಕೆ ಮಲ್ಪೆಯಲ್ಲಿ ನಡೆದಿದೆ. ಅಲ್ಲಿಯ ಟೆಬ್ಮಾ ಕಾರ್ಖಾನೆಯನ್ನು 2020ರಲ್ಲಿ ಕೊಚ್ಚಿನ್ ಶಿಪ್‌ಯಾರ್ಡ್ ಕೊಂಡು, ಆಮೇಲೆ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರಿಟ್ಟಿತು. ಬಂದರಿನಲ್ಲಿ ದೊಡ್ಡ ಹಡಗು ಎಳೆಯುವ ಟಗ್‌ಗಳು, ನಾರ್ವೆಯ ಕಂಪನಿಗೆ 3800 ಟನ್ ಸರಕು ಹೊರುವ ಹಡಗುಗಳು ಅಲ್ಲಿಯ ಕೆಲಸದ ಪಟ್ಟಿಯಲ್ಲಿವೆ. ಸೀತಾ, ಸುವರ್ಣಾ ಹೊಳೆಗಳು ಕೂಡುವ ಹಂಗಾರಕಟ್ಟೆಯ ಅಳಿವೆಯಲ್ಲಿ ಅದರ ಇನ್ನೊಂದು ಕಟ್ಟೆಯಿದೆ.